ಎದೆಯುರಿಯ ಜೊತೆ ಒಣಕೆಮ್ಮೂ ಇದ್ದರೆ ಗುಳಿಗೆಯಲ್ಲೇ ಕಾಲ ಕಳೆಯಬೇಡಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಬಂಧುಗಳೇ,

ನಮ್ಮ ಭಾಗದಲ್ಲಿ ಎದೆಯುರಿಗೆಂದು ದವಾಖಾನೆಗೆ ಹೋಗುವವರು ಕಡಿಮೆ. ಔಷಧ ಅಂಗಡಿಯಲ್ಲಿ ‘ಗ್ಯಾಸಿನ ಗುಳಿಗೆ ಕೊಡ್ರಿ’ ಎಂದರೆ ಸಾಕು. ಕೆಮ್ಮೂ ಇದ್ದರೆ ಜೊತೆಗೊಂದು ಬಾಟಲಿ ಸಿರಪ್. ಎರಡು ದಿನ ಹಗುರ, ಮೂರನೆಯ ದಿನ ಮತ್ತೆ ಅದೇ ಅಂಗಡಿ. ಈ ಎರಡೂ ತೊಂದರೆ ಒಟ್ಟಿಗೇ ಇರುವವರಲ್ಲಿ, ಅವರ ಮನೆಯವರಲ್ಲಿ ನನ್ನದೊಂದು ಮನವಿ: ಬಿಡದೆ ಕಾಡುವ ಒಣಕೆಮ್ಮನ್ನು ಗ್ಯಾಸಿನ ತಲೆಗೆ ಕಟ್ಟಬೇಡಿ. ಒಮ್ಮೆ ಶ್ವಾಸಕೋಶ ತೋರಿಸಿ.

ಹೊಟ್ಟೆಯ ಆಮ್ಲ ಮೇಲೇರದಂತೆ ಅನ್ನನಾಳದ ಬುಡದಲ್ಲಿ ಸ್ನಾಯುವಿನ ಬಿಗಿ ಇರುತ್ತದೆ. ಅದು ಸಡಿಲವಾದರೆ, ಮಲಗಿದಾಗ ಆಮ್ಲ ಗಂಟಲಿನವರೆಗೂ ಬರುತ್ತದೆ. ಅದರ ಹನಿಗಳು ನಮಗೆ ಗೊತ್ತಾಗದಂತೆ ಶ್ವಾಸನಾಳಕ್ಕೂ ಜಾರಬಹುದು. ಇದು ಮತ್ತೆ ಮತ್ತೆ ನಡೆದು ಶ್ವಾಸಕೋಶಕ್ಕೆ ಗಾಯವಾಗಬಹುದು ಎಂಬುದು ತಜ್ಞರ ಅನುಮಾನ. ಗಾಯ ಮಾಯ್ದಲ್ಲಿ ಕಲೆಗಟ್ಟಿ ಶ್ವಾಸಕೋಶ ಬಿರುಸಾಗುವುದಕ್ಕೆ ಪಲ್ಮನರಿ ಫೈಬ್ರೋಸಿಸ್ ಎನ್ನುತ್ತಾರೆ. ಈ ರೋಗ ಇರುವವರಲ್ಲಿ ಆಮ್ಲದ ತೊಂದರೆ ಉಳಿದವರಿಗಿಂತ ಹೆಚ್ಚು; ಕೆಲವರಿಗೆ ಉರಿಯೇ ಗೊತ್ತಾಗುವುದಿಲ್ಲ. ಬಿರುಸಾದ ಶ್ವಾಸಕೋಶವೇ ಎದೆಯೊಳಗಿನ ಒತ್ತಡ ಬದಲಿಸಿ ಆಮ್ಲವನ್ನು ಮೇಲಕ್ಕೆ ಎಳೆಯುವುದೂ ಉಂಟು. ಎದೆಯುರಿ ಇದ್ದವರಿಗೆಲ್ಲ ಈ ರೋಗ ಬರುವುದಿಲ್ಲ, ಹೆದರಬೇಕಿಲ್ಲ. ಆದರೆ ಬಂದವರಿಗೆ ತಡವಾಗಿ ಗೊತ್ತಾಗುವುದು ದೊಡ್ಡ ನಷ್ಟ.

ಗ್ಯಾಸಿನ ಗುಳಿಗೆ ಈ ಕಲೆಯನ್ನು ತಡೆಯುತ್ತದೆಯೇ? ಈ ರೋಗದ ಚಿಕಿತ್ಸೆಗೆಂದು ಬಂದ 2015ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಅಂಥ ಆಸೆ ಇಟ್ಟುಕೊಂಡಿತ್ತು. 2022ರಲ್ಲಿ ಬಂದ ಅದರ ಪರಿಷ್ಕೃತ ರೂಪ, ಶ್ವಾಸಕೋಶ ಸುಧಾರಿಸಲೆಂದು ಈ ಗುಳಿಗೆ ಕೊಡುವುದು ಬೇಡ ಎಂದಿತು. ಎದೆಯುರಿಗೆ ವೈದ್ಯರು ಬರೆದ ಗುಳಿಗೆಯನ್ನು ನಿಲ್ಲಿಸಬೇಡಿ. ಅದು ಕೆಮ್ಮಿಗೂ ಮದ್ದು ಎಂದು ನಂಬಿ ಕೂರಬೇಡಿ. ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಔಷಧಗಳು ಈ ಕಲೆಗಟ್ಟುವ ರೋಗದ ವೇಗವನ್ನು ತಗ್ಗಿಸುತ್ತವೆ, ಆದರೆ ಆಗಿಹೋದ ಕಲೆಯನ್ನು ಅಳಿಸುವುದಿಲ್ಲ. ಬೇಗ ತೋರಿಸಿ ಎನ್ನುವುದು ಇದಕ್ಕೇ.

ನಮ್ಮ ಊರುಗಳಲ್ಲಿ ಶ್ವಾಸಕೋಶಕ್ಕೆ ಬೇರೆ ಶತ್ರುಗಳೂ ಇವೆ. ಹಟ್ಟಿಯ ಗಣಿಯಲ್ಲಿ, ಕಲ್ಲು ಕ್ವಾರಿಗಳಲ್ಲಿ ದುಡಿದವರಿಗೆ ಕಲ್ಲಿನ ಸಣ್ಣ ದೂಳಿನಿಂದ ಸಿಲಿಕೋಸಿಸ್ ಬರಬಹುದು. ಅದೂ ಕಲೆಗಟ್ಟುವ ರೋಗವೇ. ಎಡದಂಡೆ ನಾಲೆಯ ಭತ್ತದ ಸೀಮೆಯಲ್ಲಿ ರೈಸ್ ಮಿಲ್ಲಿನ ದೂಳು, ಬೂಸ್ಟು ಹಿಡಿದ ಹುಲ್ಲಿನ ದೂಳು ಇದೆ. ದೇಶದ 27 ಆಸ್ಪತ್ರೆಗಳಲ್ಲಿ ಇಂಥ ಶ್ವಾಸಕೋಶ ರೋಗಗಳಿದ್ದ 1,084 ಜನರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರ ರೋಗ, ಉಸಿರಿನೊಡನೆ ಒಳಹೋದ ದೂಳು–ಬೂಸ್ಟಿಗೆ ಒಗ್ಗದೆ ಬಂದದ್ದು. ಅಂಥವರಲ್ಲಿ ಅನೇಕರ ಮನೆಯಲ್ಲಿ ಏರ್ ಕೂಲರ್ ಇತ್ತು. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಕೂಲರ್ ಬೇಡವೆನ್ನಲಾಗದು. ಅದರ ನೀರು ಬದಲಿಸಿ, ಬೂಸ್ಟು ಹಿಡಿದ ಅದರ ಹುಲ್ಲನ್ನು ಎಸೆಯಿರಿ. ವೈದ್ಯರು ಕೇಳದಿದ್ದರೂ ನಿಮ್ಮ ಕೆಲಸ ಏನು, ಎಷ್ಟು ವರ್ಷ ಮಾಡಿದಿರಿ, ಮನೆಯಲ್ಲಿ ಕೂಲರ್, ಪಾರಿವಾಳ ಇವೆಯೇ, ರಾತ್ರಿ ಹುಳಿ ತೇಗು ಬರುತ್ತದೆಯೇ, ಎಲ್ಲವನ್ನೂ ಹೇಳಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಎರಡೂ ತೋರುಬೆರಳುಗಳ ಉಗುರನ್ನು ಎದುರುಬದುರಾಗಿ ತಾಗಿಸಿ ಹಿಡಿಯಿರಿ. ಉಗುರಿನ ಬುಡದಲ್ಲಿ ವಜ್ರಾಕಾರದ ಸಣ್ಣ ಕಿಂಡಿ ಕಾಣಬೇಕು. ಅದು ಮುಚ್ಚಿಹೋಗಿ ಬೆರಳ ತುದಿ ಉಬ್ಬಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಕಿಂಡಿ ಕಂಡಿತೆಂದು ನಿಶ್ಚಿಂತರಾಗಲೂ ಬೇಡಿ. ವೈದ್ಯರಲ್ಲಿ ‘ಬೆನ್ನಿನ ಕೆಳಭಾಗಕ್ಕೂ ಸ್ಟೆತಸ್ಕೋಪ್ ಇಟ್ಟು ನೋಡ್ರಿ ಸರ್’ ಎಂದು ಕೇಳಿ. ದೀರ್ಘ ಉಸಿರು ಎಳೆದಾಗ ಅಲ್ಲಿ ಚಪ್ಪಲಿಯ ವೆಲ್ಕ್ರೋ ಪಟ್ಟಿ ಬಿಚ್ಚಿದಂಥ ಚರಚರ ಸದ್ದು ಕೇಳಿದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಟಿ.ಬಿ. ಇಲ್ಲವೆಂದ ಮೇಲೂ ಎಂಟು ವಾರ ಕೆಮ್ಮು ಉಳಿದರೆ, ಮೆಟ್ಟಿಲು ಹತ್ತುವಾಗ ದಮ್ಮು ಬಂದರೆ ಶ್ವಾಸಕೋಶ ತಜ್ಞರನ್ನೇ ಕಾಣಿ.

ಆಮ್ಲ ಮೇಲೇರದಿರಲು, ಊಟವಾದ ಕೂಡಲೇ ಮಲಗಬೇಡಿ. ಎರಡು-ಮೂರು ತಾಸು ಬಿಡಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿ ಎತ್ತರಕ್ಕೆ ಇಟ್ಟಿಗೆ ಕೊಡಿ. ರಾತ್ರಿಯ ಮಿರ್ಚಿ-ಮಂಡಕ್ಕಿ ಕಡಿಮೆ ಮಾಡಿ. ಬೀಡಿ, ಸಿಗರೇಟು ಬಿಟ್ಟರೆ ಎದೆಗೂ ಹೊಟ್ಟೆಗೂ ಒಳ್ಳೆಯದು.

ಔಷಧ ಅಂಗಡಿಯವರೇ, ತಿಂಗಳುಗಟ್ಟಲೆ ಕೆಮ್ಮುತ್ತ ಬರುವ ಗಿರಾಕಿಗೆ ಗುಳಿಗೆಯ ಜೊತೆ ‘ಒಮ್ಮೆ ಎದೆ ತೋರಿಸ್ರಿ’ ಎಂಬ ಮಾತನ್ನೂ ಕೊಡಿ. ಮಿಲ್, ಕ್ವಾರಿ ಮಾಲೀಕರೇ, ದೂಳು ಏಳದಂತೆ ನೋಡಿಕೊಳ್ಳಿ, ಕೆಲಸಗಾರರಿಗೆ ಒಳ್ಳೆಯ ಮಾಸ್ಕ್ ಕೊಡಿ. ರಾಯಚೂರಿನ ರಿಮ್ಸ್ ಆಸ್ಪತ್ರೆ ನಮ್ಮ ಊರುಗಳಿಂದ ಸುಮಾರು 80–90 ಕಿ.ಮೀ. ದೂರ, ದಮ್ಮು ಇರುವವರಿಗೆ ಅದು ಸಣ್ಣ ದಾರಿಯಲ್ಲ. ಮೂರೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಉಸಿರಿನ ಬಲ ಅಳೆಯುವ ಸ್ಪೈರೋಮೀಟರ್, ಅದನ್ನು ನಡೆಸಬಲ್ಲ ಸಿಬ್ಬಂದಿ, ತಿಂಗಳಿಗೊಮ್ಮೆಯಾದರೂ ಶ್ವಾಸಕೋಶ ತಜ್ಞರ ತಪಾಸಣೆ ನಮಗೆ ಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೆ ಪಾಲು ಕೊಡಿಸುವಂತೆ ನಿಮ್ಮ ಶಾಸಕರಿಗೆ ಬರೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಎತ್ತಿ, ನಡಾವಳಿಯಲ್ಲಿ ಬರೆಸಿ ಬನ್ನಿ.