ನಮ್ಮ ತಂಡಕ್ಕೆ ಕಿಲ್‌ಜಾಯ್ ಬೇಡ, ಸೈಫರ್ ಸಾಕು

ಚಿಂಚೋಳಿ ಕಡೆ ತೊಗರಿ ಹೊಲಗಳ ಸುತ್ತ ಹಳೆಯ ಸೀರೆ ಕಟ್ಟಿರುವುದನ್ನು ನೀವು ನೋಡಿರುತ್ತೀರಿ. ಹಂದಿ ಒಳಗೆ ಬರದಿರಲಿ ಎಂದು. ಹೊಲದವರು ರಾತ್ರಿ ಮನೆಗೆ ಹೋದರೂ ಸೀರೆ ಅಲ್ಲೇ ಇರುತ್ತದೆ. ಇನ್ನು ಕೆಲವರು ನಾಯಿ ಕರೆದುಕೊಂಡು ಬರುತ್ತಾರೆ. ನಾಯಿ ಬೊಗಳುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ, ಸೀರೆಗಿಂತ ಹತ್ತು ಪಟ್ಟು ಚುರುಕು. ಆದರೆ ಯಜಮಾನ ಎದ್ದು ಹೊರಟರೆ ಅದೂ ಬಾಲ ಅಲ್ಲಾಡಿಸುತ್ತ ಹಿಂದೆ ಹೊರಡುತ್ತದೆ.

ವ್ಯಾಲರಂಟ್ ಆಡುವವರಿಗೆ ನಾನು ಏನು ಹೇಳಹೊರಟಿದ್ದೇನೆ ಎಂಬುದು ಇಷ್ಟರಲ್ಲೇ ಗೊತ್ತಾಗಿರಬೇಕು. ಸೀರೆ ಎಂದರೆ ಸೈಫರ್, ನಾಯಿ ಎಂದರೆ ಕಿಲ್‌ಜಾಯ್. ಇಬ್ಬರಲ್ಲಿ ಯಾರು ಮೇಲು ಎಂಬ ಜಗಳದಲ್ಲಿ ನಾನು ಒಬ್ಬ ಗೆಳೆಯನ ಮಾತನ್ನೇ ಕಳೆದುಕೊಂಡಿದ್ದೆ. ಅದಕ್ಕೇ ಈ ಬರಹ.

ಆಡದವರಿಗೆ ಎರಡು ಮಾತು. ಐವರ ಎದುರು ಐವರು. ಒಂದು ತಂಡ ನುಗ್ಗಿ ಸ್ಪೈಕ್ ಎಂಬ ಬಾಂಬ್ ಇಡಬೇಕು, ಇನ್ನೊಂದು ತಂಡ ತಡೆಯಬೇಕು. 12 ರೌಂಡ್ ಆದ ಮೇಲೆ ಪಾಳಿ ಬದಲು. ಮೊದಲು 13 ರೌಂಡ್ ಗೆದ್ದವರದು ಪಂದ್ಯ. ಇಟ್ಟ ಸ್ಪೈಕ್ 45 ಸೆಕೆಂಡಿಗೆ ಸಿಡಿಯುತ್ತದೆ, ಅದನ್ನು ನಿಷ್ಕ್ರಿಯ ಮಾಡಲು 7 ಸೆಕೆಂಡ್ ಬೇಕು. ಆಟದ ಪಾತ್ರಗಳಲ್ಲಿ ಕಾವಲು ಕಾಯುವವರಿಗೆ ಸೆಂಟಿನೆಲ್ ಎನ್ನುತ್ತಾರೆ. ಸೈಫರ್ ಮೊರಾಕ್ಕೊದವನು, 2020ರ ಜೂನ್ 2ರಂದು ಆಟ ಬಿಡುಗಡೆಯಾದಾಗಿನಿಂದ ಇದ್ದಾನೆ. ಕಿಲ್‌ಜಾಯ್ ಜರ್ಮನಿಯ ಹುಡುಗಿ, ಅದೇ ವರ್ಷದ ಆಗಸ್ಟ್‌ನಲ್ಲಿ ಬಂದಳು. ಇಬ್ಬರೂ ಗುಂಡು ಹಾರಿಸುವುದರಲ್ಲಿ ಎಲ್ಲರಂತೆಯೇ. ವ್ಯತ್ಯಾಸ ಅವರು ಹಾಸಿಡುವ ಸಾಮಾನಿನಲ್ಲಿ.

ನಮ್ಮ ತಂಡದ ಐವರದು ಐದು ಊರು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯಿಂದ ಒಬ್ಬೊಬ್ಬರು, ಶಹಾಬಾದ್‌ನವನು ನಾನು. ಕಲಬುರಗಿಯಲ್ಲಿ ಡಿಗ್ರಿ ಓದುವಾಗ ಒಂದು ಗೇಮಿಂಗ್ ಕೆಫೆಯಲ್ಲಿ ಪರಿಚಯವಾದವರು. ನಾಲ್ವರು ರೈಲಿನವರು, ಚಿಂಚೋಳಿಯವನಿಗೆ ಮಾತ್ರ ರೈಲಿಲ್ಲ, ಬಸ್ಸೇ ಗತಿ. ಕೊನೆಯ ಬಸ್ಸು ತಪ್ಪಬಾರದೆಂದು ಅವನು ಪಂದ್ಯದ ಮಧ್ಯೆ ಗಡಿಯಾರ ನೋಡುತ್ತಿದ್ದುದು ನಮಗೆಲ್ಲ ತಮಾಷೆಯಾಗಿತ್ತು. ನನ್ನ ಕೆಲಸ ಕಾವಲು. ನುಗ್ಗಿ ಹೊಡೆಯುವವರಿಗೆ ಹೆಸರು ಬರುತ್ತದೆ, ಕಾಯುವವನು ಸೋತಾಗ ಮಾತ್ರ ನೆನಪಾಗುತ್ತಾನೆ. ಕ್ರಿಕೆಟ್‌ನಲ್ಲಿ ವಿಕೆಟ್ ಕೀಪರನ ಪಾಡೂ ಹೀಗೆಯೇ ಅಲ್ಲವೇ?

ಮೊದಲು ಕಿಲ್‌ಜಾಯ್ ಪರವಾಗಿ ಹೇಳಬೇಕಾದ್ದನ್ನೆಲ್ಲ ಹೇಳಿಬಿಡುತ್ತೇನೆ. ಅವಳ ಟರೆಟ್ ತಾನೇ ಗುರುತು ಹಿಡಿದು ಗುಂಡು ಹಾರಿಸುತ್ತದೆ. ಅಲಾರಂಬಾಟ್ ಹತ್ತಿರ ಬಂದವನ ಮೇಲೆ ಬಿದ್ದು, ಅವನಿಗೆ ತಗಲುವ ಪೆಟ್ಟು ಹೆಚ್ಚಾಗುವಂತೆ ಮಾಡುತ್ತದೆ. ನೆಲದಲ್ಲಿ ಅಡಗಿಸಿಟ್ಟ ನ್ಯಾನೊಸ್ವಾರ್ಮ್ ಅಂತೂ ಸ್ಪೈಕ್ ಇಟ್ಟ ಮೇಲೆ ಬಂಗಾರ. ಎದುರಾಳಿ ಆ 7 ಸೆಕೆಂಡಿಗೆಂದು ಮಂಡಿಯೂರುತ್ತಾನೆ, ನೀವು ಎಲ್ಲೋ ಮೂಲೆಯಲ್ಲಿ ನಿಂತು ಗುಂಡಿ ಒತ್ತುತ್ತೀರಿ, ಅವನು ಓಡಬೇಕು ಇಲ್ಲವೇ ಸಾಯಬೇಕು. ಕೊನೆಯ ಅಸ್ತ್ರ ಲಾಕ್‌ಡೌನ್. ಇಟ್ಟ 13 ಸೆಕೆಂಡಿನ ಮೇಲೆ ಅದರ ವ್ಯಾಪ್ತಿಯಲ್ಲಿ ಸಿಕ್ಕವರು 8 ಸೆಕೆಂಡ್ ಬಂದೂಕು ಎತ್ತುವಂತಿಲ್ಲ. ಒಂದಿಡೀ ಸೈಟನ್ನು ಒಬ್ಬಳೇ ಖಾಲಿ ಮಾಡಿಸಬಲ್ಲಳು. ಅಸೆಂಟ್ ನಕ್ಷೆಯಲ್ಲಿ ದೊಡ್ಡ ದೊಡ್ಡ ವೃತ್ತಿಪರ ತಂಡಗಳು ವರ್ಷಗಟ್ಟಲೆ ಅವಳನ್ನೇ ಆರಿಸಿದ್ದು ಸುಮ್ಮನೆ ಅಲ್ಲ.

ಸೈಫರ್ ಬಳಿ ಇಂಥ ಅಬ್ಬರ ಇಲ್ಲ. ಎರಡು ತಂತಿ, ಎರಡು ಹೊಗೆಪಂಜರ, ಒಂದು ಗುಪ್ತ ಕ್ಯಾಮೆರಾ. ತಂತಿಗೆ ಕಾಲು ಸಿಕ್ಕಿಸಿಕೊಂಡವನು ಎಲ್ಲಿದ್ದಾನೆಂದು ಇಡೀ ತಂಡಕ್ಕೆ ಕಾಣುತ್ತದೆ, ಬೇಗ ಹರಿದುಕೊಳ್ಳದಿದ್ದರೆ ತಲೆ ತಿರುಗುತ್ತದೆ. ಅವನ ಕೊನೆಯ ಅಸ್ತ್ರ ಸತ್ತ ಎದುರಾಳಿಯ ನೆನಪನ್ನೇ ಕದಿಯುವುದು. ಉಳಿದವರು ಎಲ್ಲೆಲ್ಲಿದ್ದಾರೆ ಎಂಬುದು ಕ್ಷಣಕಾಲ ಕಾಣುತ್ತದೆ, ಅಷ್ಟೆ. ಕೊಲ್ಲುವ ಕೆಲಸ ನಿಮ್ಮದೇ.

ಇಬ್ಬರೂ ಎದುರಾಬದುರಾದಾಗ? ಸೈಫರ್ ಕಾಯುತ್ತಿರುವ ಸೈಟಿಗೆ ಕಿಲ್‌ಜಾಯ್ ಲಾಕ್‌ಡೌನ್ ಇಟ್ಟರೆ ಅವನಿಗೆ ಎರಡೇ ದಾರಿ: ಆ ಯಂತ್ರ ಹುಡುಕಿ ಒಡೆಯಬೇಕು, ಇಲ್ಲವೇ ಜಾಗ ಬಿಡಬೇಕು. ಅಲ್ಲಿ ಅವಳದೇ ಮೇಲುಗೈ, ವಾದವಿಲ್ಲ. ತಿರುವು ಮುರುವಾಗಿ ಅವಳು ಕಾಯುವಾಗ ಅವನು ನುಗ್ಗಿದರೆ, ಕ್ಯಾಮೆರಾದಿಂದ ಟರೆಟ್ ಎಲ್ಲಿದೆ ಎಂದು ಮೊದಲೇ ನೋಡಬಹುದು, ಹೊಗೆಪಂಜರ ಹಾಕಿ ಅದರ ಕಣ್ಣು ಮುಚ್ಚಬಹುದು. ರೇಜ್‌ಳ ಸಿಡಿಮದ್ದು, ಕೇಓನ ಚಾಕು ಇವರಿಬ್ಬರ ಸಾಮಾನನ್ನೂ ಒಂದೇ ರೀತಿ ಕೆಡಿಸುತ್ತವೆ. ಜೆಟ್ ಸರ್ರನೆ ಜಾರಿ ಟರೆಟ್ ದಾಟಿಹೋಗುತ್ತಾಳೆ, ಆದರೆ ತಂತಿ ಅವಳ ಕಾಲು ಬಿಡುವುದಿಲ್ಲ. ಓಮನ್ ಮಾತ್ರ ತಂತಿಯ ಈಚೆ ಮಾಯವಾಗಿ ಆಚೆ ಏಳುತ್ತಾನೆ, ಅವನೆದುರು ಸೈಫರ್ ಪೆದ್ದನಾಗುತ್ತಾನೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಕಿಲ್‌ಜಾಯ್ ಒಂದು ಕೂದಲೆಳೆ ಮುಂದೆ ಎಂದೇ ನಾನೂ ಒಪ್ಪುತ್ತೇನೆ.

ಆದರೆ ಒಂದು ನಿಯಮ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ಕಿಲ್‌ಜಾಯ್ ತನ್ನ ಟರೆಟ್ ಮತ್ತು ಅಲಾರಂಬಾಟ್‌ನಿಂದ ಸುಮಾರು 40 ಮೀಟರ್ ದೂರ ಹೋದರೆ ಅವು ಆರಿಹೋಗುತ್ತವೆ. ವಾಪಸು ಬಂದರೆ ಮತ್ತೆ ಏಳುತ್ತವೆ. ಸೈಫರ್‌ನ ತಂತಿಗೆ ಈ ಮಿತಿ ಇಲ್ಲ. ಅವನು ಬದುಕಿರುವಷ್ಟು ಹೊತ್ತು ನಕ್ಷೆಯ ಯಾವ ಮೂಲೆಯಲ್ಲಿದ್ದರೂ ತಂತಿ ಎಚ್ಚರವಾಗಿರುತ್ತದೆ.

ಕಾಯುವ ಪಾಳಿಯಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ, ಹೇಗಿದ್ದರೂ ಸೈಟ್ ಬಿಟ್ಟು ಕದಲುವುದಿಲ್ಲ. ನುಗ್ಗುವ ಪಾಳಿಯಲ್ಲಿ ತೊಂದರೆ ಶುರು. ಆಗ ಸೆಂಟಿನೆಲ್ ಮಾಡಬೇಕಾದ್ದು ಒಂದೇ ಕೆಲಸ, ಬೆನ್ನ ಹಿಂದಿನಿಂದ ಯಾರೂ ಬರದಂತೆ ನೋಡಿಕೊಳ್ಳುವುದು. ಬೆನ್ನು ಕಾಯಲು ಇಟ್ಟ ಯಂತ್ರ, ನೀವು ಮುಂದೆ ಹೋದ ತಕ್ಷಣ ಮಲಗಿದರೆ ಹೇಗೆ?

ಕಲಬುರಗಿಯ ಒಂದು ಕಾಲೇಜು ಹಬ್ಬದ ಪಂದ್ಯದಲ್ಲಿ ನನಗೆ ಇದು ಗೊತ್ತಾಯಿತು. ಗೊತ್ತಿತ್ತು, ಅಲ್ಲಿ ಅನುಭವಕ್ಕೆ ಬಂತು ಎನ್ನಬೇಕು. ಐವರೂ ದುಡ್ಡು ಹಾಕಿ ಪ್ರವೇಶ ಶುಲ್ಕ ಕಟ್ಟಿದ್ದೆವು. ನಕ್ಷೆ ಅಸೆಂಟ್. ಹಿಂದಿನ ರಾತ್ರಿ ಯೂಟ್ಯೂಬ್‌ನಲ್ಲಿ ನೋಡಿದ ಪಟ್ಟಿಯಲ್ಲಿ ಅಸೆಂಟ್‌ಗೆ ಕಿಲ್‌ಜಾಯ್ ಮೊದಲ ಸ್ಥಾನದಲ್ಲಿದ್ದಳು. ವಾಡಿಯವನು ‘ನೀ ಸೈಫರ್ ಆಡಾಂವ, ಸೈಫರೇ ಆಡು’ ಎಂದ. ನಾನು ಕೇಳಲಿಲ್ಲ. ಕಾಯುವ ಪಾಳಿಯಲ್ಲಿ 8-4 ಮುಂದಿದ್ದೆವು, ನನ್ನ ಎದೆ ಉಬ್ಬಿತ್ತು. ಪಾಳಿ ಬದಲಾದ ಮೇಲೆ ನಮಗೆ ಸಿಕ್ಕಿದ್ದು ಎರಡೇ ರೌಂಡ್. 10-13.

ಆ ಎರಡನೆಯ ಪಾಳಿಯಲ್ಲಿ ಚಿಂಚೋಳಿಯವನು ಮೇಲಿಂದ ಮೇಲೆ ಹಿಂದಿನಿಂದ ಗುಂಡು ತಿಂದು ಸತ್ತ. ಅವನು ನನ್ನ ಟರೆಟ್ ಹಿಂದೆ ಇದೆ ಎಂದು ನಂಬಿ ಮುಂದೆ ನೋಡುತ್ತಿದ್ದ. ನಾನು ಸ್ಪೈಕ್ ಇಡಲು ಸೈಟಿಗೆ ಹೋಗಿಬಿಡುತ್ತಿದ್ದೆ. ಟರೆಟ್ ಆರಿಹೋದದ್ದು ನನ್ನ ಪರದೆಯ ಕೆಳಗೆ ಕಾಣುತ್ತಿತ್ತು. ಕಂಡರೂ ಬಾಯಿ ಬಿಡಲಿಲ್ಲ. ಹೇಳಿದರೆ ‘ಸೈಫರ್ ಆಡು ಅಂದಿದ್ದೆನಲ್ಲ’ ಎಂಬ ಮಾತು ಬರುತ್ತದೆಂಬ ಅಂಜಿಕೆ.

ಬಸ್ ನಿಲ್ದಾಣದಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ನನ್ನ ಬೆನ್ನ ಹಿಂದ ಏನೂ ಇಲ್ಲಂತ ಒಂದ್ ಮಾತು ಹೇಳಿದ್ರ ಏನ್ ಆಗ್ತಿತ್ತು?’ ಆಮೇಲೆ ಬಹಳ ದಿನ ನನ್ನ ಫೋನ್ ಎತ್ತಲಿಲ್ಲ.

ಮನೆಗೆ ಬಂದು ಎಫ್‌ಡಿಎ ಪರೀಕ್ಷೆಯ ನೋಟ್‌ಬುಕ್‌ನ ಹಿಂದಿನ ಹಾಳೆಗಳಲ್ಲಿ ಲೆಕ್ಕ ಬರೆಯಲು ಶುರುಮಾಡಿದೆ. ಯಾವ ನಕ್ಷೆ, ಯಾವ ಪಾತ್ರ, ಗೆಲುವೋ ಸೋಲೋ. 20 ಪಂದ್ಯದಲ್ಲಿ ತೀರ್ಮಾನ ಸಿಗುತ್ತದೆ ಎಂದುಕೊಂಡಿದ್ದೆ. ಆಮೇಲೆ ಅದೇ ನೋಟ್‌ಬುಕ್‌ನ ಮುಂದಿನ ಹಾಳೆಗಳಲ್ಲಿದ್ದ ಸಂಭವನೀಯತೆಯ ಲೆಕ್ಕ ನೆನಪಾಯಿತು. ಒಂದು ನಾಣ್ಯವನ್ನು 20 ಸಲ ಚಿಮ್ಮಿದರೆ 12 ಅಥವಾ ಅದಕ್ಕಿಂತ ಹೆಚ್ಚು ಸಲ ಹೆಡ್ ಬೀಳುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಅಂದರೆ 20ರಲ್ಲಿ 12 ಗೆದ್ದೆ ಎಂಬುದರಿಂದ ಪಾತ್ರದ ಗುಣ ಗೊತ್ತಾಗುವುದಿಲ್ಲ, ನಾಣ್ಯವೂ ಅಷ್ಟು ಗೆಲ್ಲುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾವೇ ಇಂಥ ಪಟ್ಟಿಗಳನ್ನು ಕಣ್ಣುಮುಚ್ಚಿ ನಂಬುತ್ತೇವೆ ನೋಡಿ!

ಲಕ್ಷಾಂತರ ಪಂದ್ಯದ ಪಟ್ಟಿಯಾದರೂ ಅಷ್ಟೇ, ಅದನ್ನು ಓದುವಾಗ ಎರಡು ಪ್ರಶ್ನೆ ಕೇಳಬೇಕು. ಯಾರ ಕೈಯಲ್ಲಿ? ಯಾವ ನಕ್ಷೆಯಲ್ಲಿ? ಒಬ್ಬ ಆಟಗಾರ ಕಿಲ್‌ಜಾಯ್‌ಳನ್ನು ಅವಳಿಗೆ ಒಗ್ಗುವ ಅಸೆಂಟ್‌ನಲ್ಲಿ ಮಾತ್ರ ಆರಿಸಿ, ಕಷ್ಟದ ನಕ್ಷೆಗಳಿಗೆ ಸೈಫರ್‌ನನ್ನು ಕಳಿಸುತ್ತಿದ್ದರೆ, ಒಟ್ಟು ಲೆಕ್ಕದಲ್ಲಿ ಸೈಫರ್ ಸುಮ್ಮನೆ ಸೋತವನಂತೆ ಕಾಣುತ್ತಾನೆ. ಸನ್‌ಸೆಟ್ ನಕ್ಷೆಯಲ್ಲಿ ವೃತ್ತಿಪರರೇ ಸೈಫರ್‌ನನ್ನು ಹಿಂದೆ ಮುಂದೆ ನೋಡದೆ ಆರಿಸಿದ ಕಾಲವಿತ್ತು. ರಷ್ಯಾದ ನ್ಯಾಟ್ಸ್ ಎಂಬ ಆಟಗಾರ 2021ರಲ್ಲಿ ಬರ್ಲಿನ್‌ನ ಮಾಸ್ಟರ್ಸ್ ಗೆದ್ದ ಗ್ಯಾಂಬಿಟ್ ತಂಡದಲ್ಲಿದ್ದ. ಬೇರೆಯವರೆಲ್ಲ ಒಂದು ಕಡೆ ಇದ್ದಾಗ ತಾನೊಬ್ಬನೇ ಇನ್ನೊಂದು ಕಡೆ ಸದ್ದಿಲ್ಲದೆ ಓಡಾಡುವುದೇ ಅವನ ಹೆಸರುವಾಸಿ ಆಟ. ಒಂಟಿಯಾಗಿ ತಿರುಗುವ ಅಂಥವನಿಗೆ ತಂತಿ ಇದ್ದರೆ ಹಿಂದಿನ ಚಿಂತೆಯಿಲ್ಲ.

ವೃತ್ತಿಪರ ತಂಡದವರು ಒಂದೇ ಕೋಣೆಯಲ್ಲಿ ಕೂತು, ಕೋಚ್ ಇಟ್ಟುಕೊಂಡು, ಒಬ್ಬನ ಟರೆಟ್ ಯಾವ ಸೆಕೆಂಡಿಗೆ ಆರುತ್ತದೆ ಎಂಬುದನ್ನು ಉಳಿದ ನಾಲ್ವರೂ ಬಾಯಿಪಾಠ ಮಾಡಿರುತ್ತಾರೆ. ಅವರಿಗೆ ಕಿಲ್‌ಜಾಯ್ ಸರಿ. ನಮ್ಮದು ಹಾಗಲ್ಲ. ಸೇಡಂನವನು ಈಗ ಹೈದರಾಬಾದ್‌ನಲ್ಲಿ ಕೆಲಸಕ್ಕಿದ್ದಾನೆ, ರಾತ್ರಿ ಪಾಳಿ ಇಲ್ಲದ ದಿನ ಮಾತ್ರ ಸಿಗುತ್ತಾನೆ. ಚಿತ್ತಾಪುರದವನದು ಮೊಬೈಲ್ ಹಾಟ್‌ಸ್ಪಾಟ್. ಸರ್ವರ್ ಇರುವುದು ಮುಂಬೈಯಲ್ಲಿ, ಮಳೆ ಬಂದರೆ ನಮ್ಮ ಪಿಂಗ್ ಎಲ್ಲಿಗೋ ಏರಿಹೋಗುತ್ತದೆ. ಕರೆಂಟ್ ಹೋದರೆ ಐವರಲ್ಲಿ ಒಬ್ಬ ಕಾಣೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಕೇಳುತ್ತದೆ. ಎಷ್ಟೋ ಸಲ ಐದನೆಯವನು ಗುರುತು ಪರಿಚಯವಿಲ್ಲದ, ಭಾಷೆಯೂ ಬಾರದ ಯಾರೋ. ಇಂಥ ತಂಡಕ್ಕೆ ಬೇಕಾದ್ದು ಹತ್ತಿರವೇ ನಿಲ್ಲಬೇಕೆಂದು ಹಟ ಮಾಡದ, ಇಟ್ಟಲ್ಲಿ ಇರುವ ಕಾವಲು. ನನ್ನ ಅಭಿಪ್ರಾಯದಲ್ಲಿ ನಮ್ಮಂಥವರಿಗೆ ಸೈಫರ್ ಮೇಲು ಎನ್ನುವುದಕ್ಕೆ ಕಾರಣ ಇಷ್ಟೇ. ಅವನ ಬಲ ಹೆಚ್ಚು ಎಂದಲ್ಲ, ಅವನಿಗೆ ನಮ್ಮಿಂದ ಬೇಕಾದ್ದು ಕಡಿಮೆ.

ಇನ್ನು ಮನೆಯಲ್ಲಿ ಕೇಳುವ ಪ್ರಶ್ನೆ: ‘ಇದರಿಂದ ಏನ್ ಸಿಗ್ತದ?’ ಅಪ್ಪ ಕಲ್ಲಿನ ಗಣಿಯಲ್ಲಿ ಬದುಕು ಸವೆಸಿದವರು, ಕೇಳುವ ಹಕ್ಕು ಅವರಿಗಿದೆ. ಅವರ ಅಂಜಿಕೆ ದುಡ್ಡು ಕಟ್ಟಿ ಆಡುವ ರಮ್ಮಿಯಂಥ ಆಟಗಳದ್ದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾನೂನು ಅಂಥ ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯೇ ಎಂದು ಗುರುತಿಸಿದೆ. 2022ರ ಡಿಸೆಂಬರ್‌ನಲ್ಲೇ ಕೇಂದ್ರವು ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯಕ್ಕೆ ವಹಿಸಿತ್ತು. ಇದನ್ನು ಅಪ್ಪನಿಗೆ ಹೇಳಿದ್ದೇನೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. 2023ರಲ್ಲಿ ವ್ಯಾಲರಂಟ್‌ನ ಪೆಸಿಫಿಕ್ ಲೀಗ್ ಶುರುವಾದಾಗ ಭಾರತದಿಂದ ಅಲ್ಲಿಗೆ ಹೋದದ್ದು ಗ್ಲೋಬಲ್ ಇಸ್ಪೋರ್ಟ್ಸ್ ಎಂಬ ಒಂದೇ ತಂಡ. ಒಂದು ತಂಡಕ್ಕೆ ಐದು ಕುರ್ಚಿ, ಅದರಲ್ಲೂ ಹೊರದೇಶದವರು ಕೂರುತ್ತಾರೆ. ಪಿಡಿಒ ಹುದ್ದೆಗೆ ಎಷ್ಟೇ ಪೈಪೋಟಿ ಇದ್ದರೂ ಕುರ್ಚಿಗಳು ಇದಕ್ಕಿಂತ ಹೆಚ್ಚು. ಆದ್ದರಿಂದ ಇದು ನನಗೆ ನೌಕರಿಯ ದಾರಿಯಲ್ಲ, ಭಾನುವಾರ ರಾತ್ರಿಯ ಎರಡು ತಾಸು. ಹೊಲದ ಕೆಲಸ ಮುಗಿಸಿ ಜನ ಕಟ್ಟೆಯ ಮೇಲೆ ಕೂತು ಚೌಕಾಬಾರ ಆಡುವುದಿಲ್ಲವೇ, ಹಾಗೆ.

ಚಿಂಚೋಳಿಯವನು ವಾಪಸು ಬಂದಿದ್ದಾನೆ. ಬಂದದ್ದು ಒಂದು ಷರತ್ತಿನ ಮೇಲೆ: ಯಾವ ಪಾತ್ರ ಆಡಿದರೂ ಸರಿ, ಅವನ ಹಿಂದೆ ಏನಿದೆ ಏನಿಲ್ಲ ಎಂಬುದನ್ನು ಪ್ರತಿ ರೌಂಡಿನಲ್ಲೂ ನಾನು ಬಾಯಿಬಿಟ್ಟು ಹೇಳಬೇಕು. ಹೀಗೆ ಹೇಳುವುದಾದರೆ ಕಿಲ್‌ಜಾಯ್ ಆಡಿದರೂ ನಡೆಯುತ್ತದಲ್ಲ ಎಂದು ವಾಡಿಯವನು ಕಾಲೆಳೆದ. ನಡೆಯುತ್ತದೆ, ಸುಳ್ಳೇಕೆ ಹೇಳಲಿ. ಅವತ್ತು ಸೋತದ್ದರಲ್ಲಿ 40 ಮೀಟರ್ ನಿಯಮದ ಪಾಲೆಷ್ಟು, ನನ್ನ ಮುಚ್ಚಿದ ಬಾಯಿಯ ಪಾಲೆಷ್ಟು ಎಂಬುದು ಯಾವ ನೋಟ್‌ಬುಕ್‌ನಲ್ಲೂ ಬೇರೆಯಾಗಿ ಬರುವುದಿಲ್ಲ. ಆದರೂ ನಾನು ಸೈಫರ್‌ನನ್ನೇ ಆರಿಸುತ್ತೇನೆ. ಮಾತು ಕಡಿದುಹೋದಾಗಲೂ, ಹಾಟ್‌ಸ್ಪಾಟ್ ಕೈಕೊಟ್ಟಾಗಲೂ ತಂತಿ ಇದ್ದಲ್ಲೇ ಇರುತ್ತದೆ.

ಈಗ ಪ್ರತಿ ರೌಂಡಿನ ಶುರುವಿಗೆ ಮೈಕ್‌ನಲ್ಲಿ ನನ್ನ ಮೊದಲ ಮಾತು ‘ಹಿಂದ ತಂತಿ ಅದ, ನಡಿ’. ಆ ಕಡೆಯಿಂದ ‘ಹೂಂ’ ಬಂದ ಮೇಲೆಯೇ ನಾವು ಹೊರಡುವುದು. ಅಸೆಂಟ್ ನಕ್ಷೆ ಬಂದ ದಿನ ಮಾತ್ರ ಮೊದಲ ಐದು ನಿಮಿಷ ಮತ್ತೆ ಅದೇ ಜಗಳ.