ಮೊದಲ ಊಹೆ ತಪ್ಪಾಗಿದ್ದರೇನು?

ಮಹಾಭಾರತದ ಶಾಂತಿಪರ್ವದಲ್ಲಿ ಮೂರು ಮೀನುಗಳ ಕಥೆಯೊಂದಿದೆ. ಬೆಸ್ತರು ಕೊಳದ ನೀರನ್ನು ಹೊರಕ್ಕೆ ಹರಿಸತೊಡಗಿದಾಗ, ಮುಂದಾಲೋಚನೆಯುಳ್ಳ ಮೀನು ಮೊದಲೇ ಪಾರಾಯಿತು; ಸಮಯಸ್ಫೂರ್ತಿಯುಳ್ಳದ್ದು ಕಡೆಯ ಗಳಿಗೆಯಲ್ಲಿ ಉಪಾಯದಿಂದ ಬದುಕಿತು; ಅವಸರವೇನೂ ಇಲ್ಲವೆಂದುಕೊಂಡ ದೀರ್ಘಸೂತ್ರವೆಂಬುದು ಸತ್ತಿತು. ಇಂದಿಗೂ ದೀರ್ಘಸೂತ್ರಿಯನ್ನು ನಾವು ಸೋಮಾರಿಯೆಂದೇ ಜರೆಯುತ್ತೇವೆ. ಹಾಡು ಕಟ್ಟುವವರ ವಿಷಯದಲ್ಲಿ ಈ ತೀರ್ಪು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹಾಡನ್ನು ಅರ್ಧದಲ್ಲಿ ಬಿಟ್ಟವನು ಬಹುಮಟ್ಟಿಗೆ ಸೋಮಾರಿಯಲ್ಲ, ಅಂಜಿದವನು.

ಇದು ನನ್ನ ಸ್ವಂತ ಅನುಭವ. ಭೌತವಿಜ್ಞಾನವನ್ನು ಬೋಧಿಸುವ ನನಗೆ ಹಾಡು ಬರೆಯುವ ಹವ್ಯಾಸವುಂಟು. ವಿದ್ಯಾರ್ಥಿಯಾಗಿದ್ದಾಗ ಮಳೆಗಾಲವನ್ನು ಕುರಿತು ಒಂದು ಪಲ್ಲವಿಯನ್ನು ಬರೆದೆ. ನಮ್ಮ ತಂದೆಯವರು ಅದನ್ನು ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ, "ಚರಣ ಬರೆದುಕೊಂಡು ಬಾರಪ್ಪ, ಸ್ವರ ಹಾಕೋಣ" ಎಂದರು. ಪಲ್ಲವಿ ಚೆನ್ನಾಗಿತ್ತು, ಚರಣ ಅದಕ್ಕೆ ತಕ್ಕುದಾಗದಿದ್ದರೆ? ಈ ಅಂಜಿಕೆಯಲ್ಲಿಯೇ ಆರು ವರ್ಷಗಳು ಉರುಳಿದವು. ಈಗ ಹಾರ್ಮೋನಿಯಂ ಮನೆಯಲ್ಲಿದೆ, ನುಡಿಸುವವರಿಲ್ಲ.

ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರ್ವಾ ಮತ್ತು ಟಿಮೊಥಿ ಪಿಚಿಲ್ 2013ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇಂತಹ ಕಾಲಹರಣಕ್ಕೆ ಕಾರಣವನ್ನು ವಿವರಿಸುತ್ತದೆ. ಕೆಲಸವನ್ನು ನೆನೆದೊಡನೆ ಅಳುಕು ಹುಟ್ಟುತ್ತದೆ. ಅದನ್ನು ಮುಂದೂಡಿದೊಡನೆ ಮನಸ್ಸು ಹಗುರಾಗುತ್ತದೆ. ಈ ಕ್ಷಣಿಕ ನೆಮ್ಮದಿಗಾಗಿ ನಾವು ಸಾಲ ಮಾಡುತ್ತೇವೆ. ಅದನ್ನು ತೀರಿಸಬೇಕಾದವನು ನಾಳಿನ ನಾನು. ಹಾಗಾದರೆ ಬರಿಯ ವೇಳಾಪಟ್ಟಿ ಸಾಲದು. ಅಂಜಿಕೆಗೇ ಮದ್ದು ಬೇಕು.

ಆ ಮದ್ದು ನನಗೆ ದೊರೆತದ್ದು ಗಣಿತದಲ್ಲಿ. 2ರ ವರ್ಗಮೂಲವನ್ನು ಕಂಡುಹಿಡಿಯಬೇಕೆನ್ನಿ. ಮೊದಲ ಊಹೆ 1 ಆಗಿರಲಿ. ಅದು ತಪ್ಪೆಂದು ಎಲ್ಲರೂ ಬಲ್ಲರು. 2ನ್ನು ಆ ಊಹೆಯಿಂದ ಭಾಗಿಸಿ, ಬಂದ ಲಬ್ಧಕ್ಕೂ ಊಹೆಗೂ ಸರಾಸರಿ ತೆಗೆಯಿರಿ: 1.5 ಬರುತ್ತದೆ. ಇದನ್ನೇ ಹೊಸ ಊಹೆಯೆಂದಿಟ್ಟುಕೊಂಡು ಪುನಃ ಮಾಡಿದರೆ 1.4167, ಇನ್ನೊಮ್ಮೆ ಮಾಡಿದರೆ 1.4142. ಮೂರೇ ಹೆಜ್ಜೆಗಳಲ್ಲಿ ನಾಲ್ಕು ದಶಮಾಂಶ ಸ್ಥಾನಗಳವರೆಗೆ ಸರಿಯಾದ ಉತ್ತರ! ತಪ್ಪು ಊಹೆಯಿಂದ ಹೊರಟವನು ಗುರಿ ಮುಟ್ಟಿದನು. ಸರಿಯಾದ ಊಹೆಗಾಗಿ ಕಾದವನ ಹಾಳೆ ಬರಿದಾಗಿಯೇ ಉಳಿಯಿತು.

ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರು ಹಾಡು ಕಟ್ಟುವುದರಲ್ಲಿ ಹೀಗೆಯೇ ನಡೆದುಕೊಂಡರು. 'ಯೆಸ್ಟರ್‌ಡೇ' ಗೀತೆಯ ಧಾಟಿ ಅವರಿಗೆ ಕನಸಿನಲ್ಲಿ ಹೊಳೆಯಿತು. ಅದು ಬೇರೆಯವರದಿರಬಹುದೆಂಬ ಅಂಜಿಕೆಯೂ ಅವರಿಗಿತ್ತು. ಆದರೆ ಅದನ್ನು ಬಚ್ಚಿಡದೆ, ಬಲ್ಲವರ ಮುಂದೆ ನುಡಿಸಿ, ಮೊದಲೇ ಕೇಳಿರುವಿರಾ ಎಂದು ವಿಚಾರಿಸಿದರು. ತಕ್ಕ ಮಾತುಗಳು ಸಿಗದಿದ್ದಾಗ ಸುಮ್ಮನೆ ಕೂಡಲಿಲ್ಲ. ಮೊಟ್ಟೆಯ ತಿಂಡಿಯೊಂದರ ಹೆಸರನ್ನು ಆ ಧಾಟಿಗೆ ಹೊಂದಿಸಿ ಹಾಡಿಕೊಂಡರು! ನಗೆ ತರಿಸುವ ಆ ಪದಗಳು ಸ್ಥಳ ಕಾಯ್ದವು. ನಿಜವಾದ ಮಾತುಗಳು ಬಂದಮೇಲೆ, 1965ರ ಜೂನ್ ತಿಂಗಳಲ್ಲಿ ಗೀತೆಯ ಧ್ವನಿಮುದ್ರಣವಾಯಿತು.

ಹಾಡು ವರ್ಗಮೂಲವಲ್ಲವೆಂದು ನೀವು ಆಕ್ಷೇಪಿಸಬಹುದು. ನಿಜ, ಪ್ರತಿಯೊಂದು ತಿದ್ದುಪಡಿಯೂ ಹಾಡನ್ನು ಮೇಲಕ್ಕೇ ಒಯ್ಯುವುದೆಂಬ ಸೂತ್ರವಿಲ್ಲ. ಆದರೆ ಬರೆಯದ ಸಾಲನ್ನು ಯಾರು ತಾನೆ ತಿದ್ದಬಲ್ಲರು? ಸ್ಫೂರ್ತಿಗಾಗಿ ಕಾಯುವುದು ಕಲೆಗೆ ತೋರುವ ಗೌರವವೆಂದು ನಾನು ಬಹುಕಾಲ ನಂಬಿದ್ದೆ. ಅದು ಅಂಜಿಕೆಗೆ ತೊಡಿಸಿದ ಪೀತಾಂಬರವೆಂದು ಈಗ ತಿಳಿದಿದೆ.

ಇನ್ನೊಂದು ಮಾತು. ಸಂಕಲ್ಪದೊಡನೆ ಕಾಲ, ಸ್ಥಳಗಳನ್ನೂ ಗೊತ್ತುಮಾಡಿಕೊಂಡರೆ ಅದು ನೆರವೇರುವ ಸಂಭವ ಹೆಚ್ಚೆಂದು ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1999ರ ತಮ್ಮ ಲೇಖನದಲ್ಲಿ ತೋರಿಸಿದ್ದಾರೆ. "ಎಂದಾದರೂ ಬರೆಯುವೆನು" ಎನ್ನಬೇಡಿ. "ಭಾನುವಾರ ಬೆಳಗ್ಗೆ ಕಾಫಿಯಾದ ಕೂಡಲೆ, ಕಿಟಕಿಯ ಬಳಿಯ ಮೇಜಿನಲ್ಲಿ" ಎನ್ನಿ.

ಕಳೆದ ಶ್ರಾವಣದಲ್ಲಿ ನಾನು ಹಾಗೆಯೇ ಕುಳಿತು ಎರಡು ಚರಣಗಳನ್ನು ಬರೆದು, ತಾಯಿಯವರ ಮುಂದೆ ಹಾಡಿದೆ. ಎರಡನೆಯದು ಸಪ್ಪೆಯೆಂದರು. ಮುಂದಿನ ಭಾನುವಾರ ಅದನ್ನು ತಿದ್ದಿದೆ. ಹಾಡು ಮುಗಿಯಿತು, ಅಸಾಧಾರಣವಾದುದಲ್ಲ, ಆದರೆ ಪೂರ್ಣವಾದುದು. ಸ್ವರ ಹಾಕಬೇಕೆಂದಿದ್ದವರು ಮಾತ್ರ ಅದನ್ನು ಕೇಳಲಿಲ್ಲ.

ನಿಮ್ಮ ಪುಸ್ತಕದಲ್ಲಿಯೂ ಅಂತಹ ಪಲ್ಲವಿಯೊಂದು ಉಳಿದಿದ್ದರೆ, ಕೇಳಬೇಕಾದವರು ಇರುವಾಗಲೇ ತಪ್ಪು ಚರಣವೊಂದನ್ನಾದರೂ ಬರೆಯಿರಿ. ಸರಿಪಡಿಸುವುದಕ್ಕೆ ಮುಂದಿನ ಭಾನುವಾರವಿದೆ.