ಗೀರಿಗೂ ಒಂದು ವಿಳಾಸ

ಕಾರಿನ ಒಳಗಿನ ಗೀರುಗಳು ಎಲ್ಲೆಂದರಲ್ಲಿ ಬೀಳುವುದಿಲ್ಲ. ಒಂದೊಂದಕ್ಕೂ ಒಂದು ವಿಳಾಸ ಇರುತ್ತೆ. ಬಾಗಿಲು ಎಳೆದುಕೊಳ್ಳುವ ಹಿಡಿಯ ಒಳಬದಿಯಲ್ಲಿ ಸಣ್ಣ ಗೀರುಗಳಿದ್ದರೆ ಅದು ಉಂಗುರ, ಬಳೆ ಅಥವಾ ವಾಚಿನ ಕೆಲಸ. ಸ್ಟೀರಿಂಗ್ ಕೆಳಗೆ ಅರ್ಧಚಂದ್ರದಂಥ ಗುರುತಿದ್ದರೆ ಅಲ್ಲಿ ಕೀ ಗೊಂಚಲು ತೂಗಾಡಿದೆ. ಬಾಗಿಲ ಹೊಸ್ತಿಲ ಮೇಲಿನ ಗೆರೆ ಶೂ ಹಿಮ್ಮಡಿಯದ್ದು. ಗೇರ್ ಪಕ್ಕದ ಹೊಳೆಯುವ ಕರಿ ಪಟ್ಟಿಯ ಮೇಲೆ ಬಿಸಿಲಲ್ಲಿ ಜೇಡರ ಬಲೆ ಥರ ಕಾಣುತ್ತಲ್ಲ, ಅದು ಒಣಬಟ್ಟೆಯಲ್ಲಿ ಧೂಳು ಒರೆಸಿ ಒರೆಸಿ ಬಂದದ್ದು.

ನಮ್ಮ ಕಾರಿನಲ್ಲಿ ಗೀರುಗಳೆಲ್ಲ ಎಡ ಮುಂಬಾಗಿಲಲ್ಲೇ ಇದ್ದವು. ಪವರ್ ವಿಂಡೋ ಬಟನ್ ಸುತ್ತಲಿನ ಬೆಳ್ಳಿ ಬಣ್ಣದ ತುಂಡು, ಅದರ ಪಕ್ಕದ ಹಿಡಿ, ಎರಡೂ ಯಾರೋ ಸೌಟಿನಿಂದ ಕೆರೆದ ಹಾಗೆ. ವಿಳಾಸ ಹುಡುಕುವುದೇನೂ ಕಷ್ಟವಿರಲಿಲ್ಲ. ಅದು ಅಪ್ಪ ಕೂರುವ ಜಾಗ. ಮಂಡಿ ಆಪರೇಷನ್ ಆದಮೇಲೆ ಅವರ ಕೈಗೆ ನಾಲ್ಕು ಕಾಲಿನ ಅಲ್ಯೂಮಿನಿಯಂ ಊರುಗೋಲು ಬಂದಿದೆ. ಕಾರು ಹತ್ತುವಾಗ ಒಂದು ಕೈಯಲ್ಲಿ ಬಾಗಿಲ ಹಿಡಿ, ಇನ್ನೊಂದು ಕೈಯಲ್ಲಿ ಆ ಕೋಲು. ಕೂತಮೇಲೆ ಅದನ್ನು ಎಳೆದು ಒಳಗಿಟ್ಟುಕೊಳ್ಳುವಾಗ ಅದರ ಕಾಲುಗಳು ಹೋಗಿ ತಾಗುವುದು ಸರಿಯಾಗಿ ಆ ತುಂಡಿಗೇ.

ನನಗೆ ಅದೊಂದು ವಿಷಯವೇ ಆಗಿರಲಿಲ್ಲ. ಆದರೆ ಸರ್ವೀಸಿಗೆ ಬಿಟ್ಟ ದಿನ ಅಲ್ಲಿನ ಸಲಹೆಗಾರರು ಬಾಗಿಲು ತೆರೆದು, "ಯಾರ್ ಸರ್ ಹಿಂಗ್ ಮಾಡಿದ್ದು? ಪೂರ್ತಿ ಡೋರ್ ಪ್ಯಾಡ್ ಬದಲಾಯಿಸ್ಬೇಕು" ಅಂತ ಐದಂಕಿಯ ಮೊತ್ತ ಹೇಳಿದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಏನೂ ಮಾತಾಡಲಿಲ್ಲ. ಮುಂದಿನ ವಾರದಿಂದ ಫಿಸಿಯೋಥೆರಪಿಗೆ "ನೀನು ಆಫೀಸ್ ಕಾಲ್‌ನಲ್ಲಿರು, ನಾನು ಆಟೋದಲ್ಲಿ ಹೋಗಿ ಬರ್ತೀನಿ" ಅನ್ನೋಕೆ ಶುರು ಮಾಡಿದರು. ಭಾನುವಾರ ದೇವಸ್ಥಾನಕ್ಕೆ ಕರೆದರೆ ಮಂಡಿ ನೋವು. ಮದುವೆಗೆ ಕರೆದರೆ ತಲೆನೋವು. ಮೂರನೇ ವಾರ ಅಮ್ಮ ಬಾಯಿಬಿಟ್ಟರು: "ನಿನ್ನ ಕಾರು ಹಾಳು ಮಾಡ್ತೀನಿ ಅಂತ ಅವರಿಗೆ ಸಂಕೋಚ ಕಣೋ."

ಕಾಲು ಮಡಚೋಕೇ ಕಷ್ಟಪಡುವ ಮನುಷ್ಯ ಆಟೋದ ಎತ್ತರದ ಮೆಟ್ಟಿಲು ಹತ್ತುತ್ತಿದ್ದಾರೆ, ಅದೂ ಒಂದು ಪ್ಲಾಸ್ಟಿಕ್ ತುಂಡಿನ ಸಲುವಾಗಿ. ಆ ತುಂಡಿಗೆ ಬಣ್ಣ ಹಾಕಲೇಬೇಕು ಅಂತ ತೀರ್ಮಾನ ಮಾಡಿದ್ದು ಆಗ.

ಮೊದಲು ಕಾರಣ, ಆಮೇಲೆ ಬಣ್ಣ

ಬಣ್ಣ ಹಾಕಿ ಬಿಟ್ಟರೆ ಹತ್ತು ದಿನದಲ್ಲಿ ಮತ್ತೆ ಅದೇ ಗೀರು, ಮತ್ತೆ ಅದೇ ಸಂಕೋಚ. ಹಾಗಾಗಿ ಮೊದಲ ಕೆಲಸ ಕಾರಿನದ್ದಲ್ಲ, ಕಾರು ಹತ್ತುವ ರೀತಿಯದ್ದು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ಸರಳವಾಗಿದೆ: ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ಸೀಟಿನ ಕಡೆ ತಿರುಗಿಸಿ, ಮೊದಲು ಕೂತುಬಿಡುವುದು. ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸುವುದು.

ಬಾಗಿಲ ಹಿಡಿಗೆ ಭಾರ ಹಾಕುವುದು ಗೀರಿಗಿಂತ ದೊಡ್ಡ ಅಪಾಯ. ಬಾಗಿಲು ಅಲ್ಲಾಡುತ್ತೆ, ಮನುಷ್ಯ ಬೀಳಬಹುದು. ಇದಕ್ಕೆಂದೇ ಒಂದು ಕೈಹಿಡಿ ಸಿಗುತ್ತೆ. ಬಾಗಿಲು ಮುಚ್ಚಿದಾಗ ಲಾಕ್ ಕಚ್ಚಿಕೊಳ್ಳುವ ಯು ಆಕಾರದ ಕಬ್ಬಿಣದ ಕೊಂಡಿ ಇದೆಯಲ್ಲ, ಅದರೊಳಗೆ ಸಿಕ್ಕಿಸಿ ಊರಿಕೊಂಡು ಏಳಬಹುದು, ಕೂರಬಹುದು. ಬಾಗಿಲು ಮುಚ್ಚುವ ಮೊದಲು ತೆಗೆದಿಡಬೇಕು, ಅಷ್ಟೇ. ಆನ್‌ಲೈನ್‌ನಲ್ಲಿ ತರಿಸಿದೆ. ಊರುಗೋಲಿಗೆ ಹಿಂದಿನ ಸೀಟು ಅಂತ ಆಯಿತು, ಕೂತಮೇಲೆ ನಾನೇ ಇಸಿದುಕೊಂಡು ಇಡುತ್ತೇನೆ.

ಮುಟ್ಟಬಾರದ್ದು ಯಾವುದು

ಒಳಗಿನ ಈ ಪ್ಲಾಸ್ಟಿಕ್ ತುಂಡುಗಳಿಗೆ ಟ್ರಿಮ್ ಅಂತಾರೆ. ಎಲ್ಲ ಟ್ರಿಮ್ಮೂ ಮನೆಯಲ್ಲಿ ಬಿಚ್ಚುವಂಥದ್ದಲ್ಲ. ಎಸ್‌ಆರ್‌ಎಸ್ ಅಥವಾ ಏರ್‌ಬ್ಯಾಗ್ ಅಂತ ಬರೆದಿರುವ ಯಾವುದಕ್ಕೂ ಕೈ ಹಾಕಬೇಡಿ. ಸ್ಟೀರಿಂಗ್ ಮಧ್ಯದ ಮುಚ್ಚಳ, ಎಡಗಡೆ ಡ್ಯಾಶ್‌ಬೋರ್ಡ್ ಮೇಲ್ಭಾಗ, ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಗಾಜಿನ ಪಕ್ಕದ ಕಂಬದ ಹೊದಿಕೆ, ಇವೆಲ್ಲ ಅಪಘಾತದ ಗಳಿಗೆಯಲ್ಲಿ ನಿರ್ದಿಷ್ಟ ರೀತಿಯಲ್ಲಿ ಬಾಯಿ ಬಿಡಬೇಕು. ಅದರ ಮೇಲೆ ಪುಟ್ಟಿ, ಬಣ್ಣ ಅಂತ ಪದರ ಕೂರಿಸುವುದು ಆಟವಲ್ಲ. ಅಲ್ಲಿ ಗೀರಿದ್ದರೆ ಇರಲಿ ಬಿಡಿ.

ವಾರಂಟಿ ಇನ್ನೂ ಇರುವ ಕಾರಾದರೆ ಬಿಚ್ಚುವ ಮೊದಲು ಒಮ್ಮೆ ಕೇಳಿಕೊಳ್ಳಿ. ವೈರ್ ಇರುವ ತುಂಡಾದರೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಕೆಲವು ನಿಮಿಷ ಸುಮ್ಮನಿರಿ. ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತೆ.

ಉಗುರಿನ ಪರೀಕ್ಷೆ

ಗೀರಿನ ಮೇಲೆ ಉಗುರನ್ನು ಅಡ್ಡಕ್ಕೆ ಎಳೆಯಿರಿ. ತಡೆಯದೆ ಜಾರಿದರೆ ಪ್ಲಾಸ್ಟಿಕ್ ಪಾಲಿಷ್ ಮತ್ತು ಮೈಕ್ರೋಫೈಬರ್ ಬಟ್ಟೆ ಸಾಕು, ಬಿಚ್ಚುವುದೇ ಬೇಡ. ಹೊಳೆಯುವ ಕರಿ ಪಟ್ಟಿಗಳ ಜೇಡರ ಬಲೆ ಸಾಮಾನ್ಯವಾಗಿ ಹೀಗೇ ಹೋಗುತ್ತೆ. ಉಗುರು ಸಿಕ್ಕಿಕೊಂಡರೆ ಮಾತ್ರ ಪುಟ್ಟಿ, ಬಣ್ಣದ ಮಾತು.

ಇನ್ನೊಂದು: ಡೋರ್ ಪ್ಯಾಡ್‌ನ ದೊಡ್ಡ ಭಾಗ ಚರ್ಮದ ಥರ ತರಿತರಿಯಾಗಿರುತ್ತೆ. ಅದನ್ನು ಉಜ್ಜಿದರೆ ಆ ತರಿ ಅಳಿಸಿಹೋಗಿ, ಆ ಜಾಗ ಮಾತ್ರ ನುಣ್ಣಗೆ ಬೋಳಾಗಿ ಕಾಣುತ್ತೆ. ಹಾಗಾಗಿ ತರಿ ಇರುವ ಕಡೆ ಸಣ್ಣ ಗೀರಿಗೆ ಕೈ ಹಾಕದಿರುವುದೇ ಜಾಣತನ. ನುಣುಪಾದ, ಮೊದಲೇ ಬಣ್ಣ ಹಚ್ಚಿದ ತುಂಡುಗಳೇ ಮನೆ ಕೆಲಸಕ್ಕೆ ಸರಿ. ನಮ್ಮ ಬೆಳ್ಳಿ ತುಂಡು ಅಂಥದ್ದು.

ಬಿಚ್ಚುವುದು

ಕಾರನ್ನು ಅರ್ಧ ಗಂಟೆ ಎಳೆ ಬಿಸಿಲಲ್ಲಿ ನಿಲ್ಲಿಸಿ. ತಣ್ಣಗಿರುವ ಪ್ಲಾಸ್ಟಿಕ್ ಕ್ಲಿಪ್ ಪಟ್ಟಂತ ಮುರಿಯುತ್ತೆ, ಬೆಚ್ಚಗಿದ್ದರೆ ಬಾಗುತ್ತೆ. ಸ್ಕ್ರೂಡ್ರೈವರ್ ತೂರಿಸಬೇಡಿ, ಅದರಿಂದ ಹೊಸ ಗೀರೇ ಬರುತ್ತೆ. ಪ್ಲಾಸ್ಟಿಕ್‌ನ ಮೀಟುಗೋಲುಗಳ ಸೆಟ್ ಕೆಲವು ನೂರು ರೂಪಾಯಿಗೆ ಸಿಗುತ್ತೆ.

ಬಟನ್ ಇರುವ ತುಂಡನ್ನು ಒಂದು ಅಂಚಿನಿಂದ ನಿಧಾನವಾಗಿ ಎತ್ತಿ. ಕೆಳಗೆ ವೈರಿನ ಸಾಕೆಟ್ ಇರುತ್ತೆ. ಅದರ ಪುಟ್ಟ ನಾಲಿಗೆ ಒತ್ತಿ ಬಿಡಿಸಬೇಕು, ವೈರ್ ಹಿಡಿದು ಎಳೆಯಬಾರದು. ಹಿಡಿಯ ತುಂಡು ಪೂರ್ತಿ ಪ್ಯಾಡ್ ಬಿಚ್ಚದೆ ಬರದಿದ್ದರೆ, ಹಿಡಿಯ ಒಳಗೆ ಮತ್ತು ಬಾಗಿಲು ತೆರೆಯುವ ಲಿವರ್ ಹಿಂದೆ ಸಣ್ಣ ಮುಚ್ಚಳಗಳ ಕೆಳಗೆ ಸ್ಕ್ರೂ ಅಡಗಿರುತ್ತವೆ, ಹುಡುಕಿ. ಎಳೆದಷ್ಟೂ ಬರುತ್ತಿಲ್ಲ ಅಂದರೆ ಇನ್ನೊಂದು ಸ್ಕ್ರೂ ಎಲ್ಲೋ ಇದೆ ಅಂತ ಅರ್ಥ. ಬಲ ಹಾಕುವ ಬದಲು ನಿಮ್ಮ ಮಾಡೆಲಿನ ವಿಡಿಯೋ ನೋಡಿ. ಪ್ಯಾಡ್ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯಬೇಡಿ. ಮಳೆ ನೀರು ಒಳಗೆ ಬರದಂತೆ ತಡೆಯುವುದು ಅದೇ.

ಪ್ರತಿ ಹಂತದಲ್ಲೂ ಫೋನಲ್ಲಿ ಒಂದು ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಒಂದೊಂದು ಜಾಗದ್ದು ಒಂದೊಂದರಲ್ಲಿ ಹಾಕಿ. (ಹಳೇ ತಟ್ಟೆ. ಅಮ್ಮನನ್ನು ಕೇಳಿಯೇ.) ಕ್ಲಿಪ್ ಮುರಿದರೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಹಳೇ ಕ್ಲಿಪ್ ತೋರಿಸಿದರೆ ಅದರ ಜೋಡಿ ಹುಡುಕಿಕೊಡುತ್ತಾರೆ.

ತುಂಡಿನ ಹಿಂದೆ ಜಾತಕ

ಬಿಚ್ಚಿದ ತುಂಡನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಅದು ಯಾವ ಪ್ಲಾಸ್ಟಿಕ್ ಅಂತ ಅಚ್ಚೊತ್ತಿರುತ್ತೆ. ಎಬಿಎಸ್ ಅಥವಾ ಪಿಸಿ+ಎಬಿಎಸ್ ಅಂತಿದ್ದರೆ ಪ್ಲಾಸ್ಟಿಕ್ ಪ್ರೈಮರ್ ಚೆನ್ನಾಗಿ ಹಿಡಿಯುತ್ತೆ. ಪಿಪಿ ಅಂತ ಶುರುವಾದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಬಣ್ಣ ಅಂಟುವುದೇ ಕಷ್ಟ, ಉಗುರಲ್ಲಿ ಕೆರೆದರೆ ಸಿಪ್ಪೆ ಥರ ಏಳುತ್ತೆ. ಪ್ರೈಮರಿಗೂ ಮೊದಲು ಅಡ್ಹೀಷನ್ ಪ್ರೊಮೋಟರ್ ಅನ್ನುವ ಪಾರದರ್ಶಕ ಸ್ಪ್ರೇ ಹೊಡೆಯಬೇಕು. ಈ ಎರಡಕ್ಷರ ಓದದೆ ಬಣ್ಣ ಕೊಂಡರೆ ದುಡ್ಡು ದಂಡ.

ಮುಕ್ಕಾಲು ಪಾಲು ಕೆಲಸ ಬಣ್ಣಕ್ಕೆ ಮೊದಲೇ

ಡ್ಯಾಶ್‌ಬೋರ್ಡ್ ಫಳಫಳ ಹೊಳೆಯಲಿ ಅಂತ ಹಾಕುವ ಪಾಲಿಷ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತೆ. ಅದು ಸ್ವಲ್ಪ ಉಳಿದರೂ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತೆ. ಹಾಗಾಗಿ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಒಣಗಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಉಜ್ಜುವುದು ಇದಾದ ಮೇಲೆ. ಇಲ್ಲದಿದ್ದರೆ ಆ ಜಿಡ್ಡನ್ನು ಉಜ್ಜಿ ಒಳಗೇ ತಳ್ಳಿದಂತೆ.

ಆಳದ ಗೀರಿಗೆ ಬಾಗುವ ಗುಣದ ಪ್ಲಾಸ್ಟಿಕ್ ಪುಟ್ಟಿ. ಗೋಡೆ ಪುಟ್ಟಿ ಅಲ್ಲ. ಒಣಗಿದ ಮೇಲೆ 400 ನಂಬರಿನ ವಾಟರ್ ಪೇಪರಿನಿಂದ ಸಮ ಮಾಡಿ, ಇಡೀ ತುಂಡನ್ನು 600ರಲ್ಲಿ ಉಜ್ಜಿ. ಹೊಳಪು ಪೂರ್ತಿ ಹೋಗಿ ಒಂದೇ ಸಮ ಮಬ್ಬಾಗಬೇಕು. ಕಣ್ಣು ಮುಚ್ಚಿ ಬೆರಳಾಡಿಸಿ. ಪುಟ್ಟಿಯ ಅಂಚು ಬೆರಳಿಗೆ ಗೊತ್ತಾದರೆ ಬಣ್ಣದಲ್ಲಿ ಕಣ್ಣಿಗೂ ಗೊತ್ತಾಗುತ್ತೆ. ಕೊನೆಗೆ ಮತ್ತೊಮ್ಮೆ ಆಲ್ಕೋಹಾಲ್‌ನಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಬಣ್ಣದ ಆಯ್ಕೆ ಹೊರಗಿನ ಬಾಡಿ ಕೋಡ್ ನೋಡಿ ಆಗುವುದಿಲ್ಲ, ಒಳಗಿನ ಬೆಳ್ಳಿಯೇ ಬೇರೆ. ತುಂಡನ್ನೇ ಅಂಗಡಿಗೆ ಒಯ್ದು ಹಗಲು ಬೆಳಕಿನಲ್ಲಿ ಹೋಲಿಸಿ. ನೂರಕ್ಕೆ ನೂರು ಹೊಂದುವುದು ಅಪರೂಪ. ಅದಕ್ಕೇ ನಾನು ಎರಡೂ ಮುಂಬಾಗಿಲ ತುಂಡು ಬಿಚ್ಚಿ, ಜೋಡಿಯಾಗಿ ಬಣ್ಣ ಹಾಕಿದೆ. ಕಣ್ಣು ಒಟ್ಟಿಗೆ ನೋಡುವುದು ಅವೆರಡನ್ನೇ ಅಲ್ವಾ?

ಸ್ಪ್ರೇ ಮಾಡುವ ದಿನ

ಮಳೆ ಮೋಡ ಇರುವ ದಿನ ಬೇಡ. ಗಾಳಿಯ ತೇವ ಕೂತು ಬಣ್ಣ ಬೆಳ್ಳಗೆ ಮಂಜು ಕವಿದಂತಾಗುತ್ತೆ. ಒಣಹವೆಯ, ಗಾಳಿ ಕಡಿಮೆ ಇರುವ ಬೆಳಗ್ಗೆ ಒಳ್ಳೆಯದು. ಫ್ಲ್ಯಾಟ್‌ನ ಬಾಲ್ಕನಿಯಲ್ಲಿ ಮಾಡಬೇಡಿ, ಕೆಳಗಿನ ಮನೆಯವರ ಬಟ್ಟೆಗೂ ಬೆಳ್ಳಿ ಬರುತ್ತೆ. ಟೆರೇಸ್ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆಯ ಬಾಯಿ ತೆರೆದಿಟ್ಟು ಅದರೊಳಗೆ ಮಾಡಿ, ಹತ್ತಿರ ಬೆಂಕಿ ಇರಬಾರದು. ಧೂಳಿನ ಮಾಸ್ಕ್ ಬಣ್ಣದ ಆವಿಯನ್ನು ತಡೆಯುವುದಿಲ್ಲ, ಕಾರ್ಬನ್ ಫಿಲ್ಟರ್ ಇರುವ ಮಾಸ್ಕ್ ಬೇಕು. ಹಾರ್ಡ್‌ನರ್ ಬೆರೆಯುವ ಟೂ-ಕೆ ಕ್ಲಿಯರ್ ಕೋಟ್ ಗಟ್ಟಿಯೇನೋ ಹೌದು, ಆದರೆ ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ. ಅದನ್ನು ವೃತ್ತಿಪರರ ಬೂತಿಗೇ ಬಿಡಿ. ಮನೆಗೆ ಒನ್-ಕೆ ಸಾಕು.

ಡಬ್ಬಿಯನ್ನು ಎರಡು ನಿಮಿಷ ಕುಲುಕಿ. 20-25 ಸೆಂಟಿಮೀಟರ್ ದೂರ. ತುಂಡಿನ ಆಚೆ ಶುರು, ತುಂಡಿನ ಈಚೆ ನಿಲುಗಡೆ. ಮೊದಲ ಪದರ ಬರೀ ಮಂಜು ಹನಿಸಿದಷ್ಟು, ಕೆಳಗಿನದು ಕಾಣುತ್ತಿರಲಿ. 10-15 ನಿಮಿಷ ಬಿಟ್ಟು ಮುಂದಿನದು. ಪ್ರೈಮರ್ ಎರಡು ಪದರ, ಒಣಗಿದ ಮೇಲೆ 800ರಲ್ಲಿ ಹಗುರ ಉಜ್ಜು, ಬಣ್ಣ ಮೂರು-ನಾಲ್ಕು ಪದರ, ಮೇಲೆ ಮ್ಯಾಟ್ ಕ್ಲಿಯರ್ ಎರಡು. ಡಬ್ಬಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅದನ್ನೇ ನಂಬಿ. ದಪ್ಪಗೆ ಒಂದೇ ಸಲ ಹೊಡೆದು ಮುಗಿಸೋಣ ಅನ್ನುವವರ ಬಣ್ಣ ಜಾರಿ ಕಣ್ಣೀರಿನ ಹಾಗೆ ಇಳಿಯುತ್ತೆ.

ಮರುದಿನ ಮುಟ್ಟಿದರೆ ಒಣಗಿದೆ ಅನ್ನಿಸುತ್ತೆ. ಆದರೂ ಒಂದು ವಾರ ಗಾಳಿಯಾಡುವ ಕಡೆ ಬಿಡಿ. ಬಿಸಿಲಲ್ಲಿ ಮುಚ್ಚಿ ನಿಂತ ಕಾರಿನೊಳಗೆ ಆ ವಾಸನೆ ಸೇರಿಕೊಳ್ಳುವುದು ಮಗುವಿರುವ, ಆಸ್ತಮಾ ಇರುವ ಮನೆಗೆ ಒಳ್ಳೆಯದಲ್ಲ.

ಎರಡು ಶನಿವಾರ, ಎರಡೂವರೆ ಸಾವಿರದೊಳಗಿನ ಖರ್ಚು. ತುಂಡುಗಳನ್ನು ಕೂರಿಸಿದ ದಿನ ಅಪ್ಪ ಬಾಗಿಲ ಬಳಿ ಬಂದು ಬೆಳ್ಳಿ ಬಣ್ಣವನ್ನು ಒಂದು ಸಲ ನೋಡಿದರು ಅಷ್ಟೇ. ಅವರ ಗಮನ ಇದ್ದದ್ದು ಕೈಹಿಡಿಯ ಮೇಲೆ. ಅದನ್ನು ಕೊಂಡಿಗೆ ಸಿಕ್ಕಿಸಿ, ಎರಡು ಸಲ ಕೂತು ಎದ್ದು ನೋಡಿ, "ಇದು ಮೊದಲೇ ಇದ್ದಿದ್ರೆ ಆಗ್ತಿತ್ತು" ಅಂದರು. ಈಗ ಗುರುವಾರ ಬೆಳಗ್ಗೆ ಒಂಬತ್ತಕ್ಕೇ ರೆಡಿಯಾಗಿ ಕೂತಿರುತ್ತಾರೆ. ನನ್ನ ಕಾಲ್ ಮುಗಿಯೋದು ಒಂಬತ್ತೂವರೆಗೆ.

ನಿಮ್ಮ ಮನೆಯಲ್ಲೂ ಕೋಲು ಹಿಡಿದು ನಡೆಯುವ ಹಿರಿಯರಿದ್ದರೆ ಈ ವಾರವೇ ಆ ಕೈಹಿಡಿ ತರಿಸಿಬಿಡಿ. ಬಣ್ಣದ ಕೆಲಸವನ್ನು ಮಳೆಗಾಲ ಕಳೆದ ಮೇಲೆ ನೋಡಿಕೊಂಡರಾಯಿತು.